ಜವರನಿಗೆ ಪಾರ್ಕಿನ ತರಬೇತಿ ಕೊಟ್ಟಿದ್ದು

ಹತ್ತಿರ ಬನ್ನಿ, ಹಾಯಾಗಿ ಕೂತ್ಕೊಳ್ಳಿ. ನಗು ಬಂದೋರು ನಗಿ, ಯಾರೂ ಬೇಡ ಅನ್ನಲ್ಲ. ಆದ್ರೆ ಅರ್ಧಕ್ಕೆ ಎದ್ದು ಮಾತ್ರ ಹೋಗಬೇಡಿ.

ಒಂದು ಪೇಟೆ. ಆ ಪೇಟೆಗೊಂದು ಪಾರ್ಕು. ಆ ಪಾರ್ಕು ಗುಡಿಸೋಕೆ ಒಬ್ಬಳು ದೇವೀರಮ್ಮ. ಆ ದೇವೀರಮ್ಮನಿಗೆ ಒಬ್ಬನೇ ಮಗ, ಜವರ. ವಯಸ್ಸು ಇಪ್ಪತ್ತಾರು. ಎತ್ತರ, ಬಾಗಿಲಿಗೆ ತಲೆ ತಾಗೋ ಅಷ್ಟು. ಬುದ್ಧಿ? ಅದನ್ನ ನಾನು ಯಾಕೆ ಹೇಳಲಿ, ನೀವೇ ನೋಡ್ತೀರಿ.

ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು ಜವರ. ಕೂದಲೆಳೆಯಷ್ಟು ಆಚೆ ಇಲ್ಲ, ಈಚೆ ಇಲ್ಲ. "ಹಾಲು ಉಕ್ಕುತ್ತೆ, ನೋಡ್ತಿರು ಮಗ" ಅಂದ್ರೆ ನೋಡ್ತಾನೇ ಇರೋನು. ಹಾಲು ಉಕ್ಕಿ, ಒಲೆ ಮೇಲೆ ಹರಿದು, ಬೆಂಕಿ ಆರೋ ತನಕ ನೋಡೋನು. "ಅವ್ವ, ಏನು ಚೆಂದ ಉಕ್ಕಿತು ಗೊತ್ತಾ! ಬೆಟ್ಟದ ಹಿಂದಿಂದ ಮೋಡ ಎದ್ದ ಹಾಗೆ!" ಅನ್ನೋನು, ಕಣ್ಣು ಅಗಲ ಮಾಡಿಕೊಂಡು. ದೇವೀರಮ್ಮ ಹಣೆ ಚಚ್ಚಿಕೊಳ್ಳೋಳು.

ಈ ದೇವೀರಮ್ಮನ ಕೆಲಸ ಇನ್ನು ಆರೇ ದಿನ. ಮೂವತ್ತೊಂದು ವರ್ಷ ಪೊರಕೆ ಹಿಡಿದಿದ್ದಾಯ್ತು, ಈಗ ರಿಟೈರು. ಅವಳಿಗೆ ಚಿಂತೆ ಒಂದೇ. ನಾನು ಕಣ್ಣು ಮುಚ್ಚಿದ ಮೇಲೆ ಈ ಮಗನಿಗೆ ಒಂದು ತುತ್ತು ಹಾಕೋರು ಯಾರು? ಪಾರ್ಕಿನ ಮೇಸ್ತ್ರಿ ಖಲಂದರ್ ಸಾಬ್ರ ಹತ್ತಿರ ಹೋದಳು.

"ಸಾಬ್ರೇ, ನನ್ನ ಜಾಗಕ್ಕೆ ನನ್ನ ಮಗನ್ನ ಹಾಕ್ಕೊಳ್ಳಿ."

ಸಾಬ್ರು ಒಳ್ಳೆಯೋರು. ಗಡಸು ಗಂಟಲು, ಮೆತ್ತನೆ ಮನಸ್ಸು. "ನನ್ನ ಕೈಲಿಲ್ಲ ದೇವೀರಮ್ಮ. ಮೇಲಿಂದ ಆರ್ಡರು ಬಂದಿದೆ. ಪಾರ್ಕಿನ ಕೆಲಸದೋರಿಗೆಲ್ಲ ಆರು ದಿನ ತರಬೇತಿ. ಹಳಬರಿಗೂ ಅಷ್ಟೆ, ಹೊಸಬರಿಗೂ ಅಷ್ಟೆ. ಶನಿವಾರ ದೊಡ್ಡ ಸಾಹೇಬರು ಬಂದು ಸರ್ಟಿಫಿಕೇಟು ಕೊಡ್ತಾರೆ. ಸರ್ಟಿಫಿಕೇಟು ಸಿಕ್ಕೋನಿಗೆ ಕೆಲಸ. ಕಳಿಸು ನಿನ್ನ ಮಗನ್ನ, ನೋಡೋಣ."

ದೇವೀರಮ್ಮ ಮನೆಗೆ ಬಂದು ಮಗನ ಕೈ ಹಿಡ್ಕೊಂಡಳು. "ಲೋ ಮಗ, ಆರೇ ದಿನ ಕಣ್ಲಾ. ದೊಡ್ಡೋರು ಏನು ಹೇಳ್ತಾರೋ ಅದನ್ನ ಹೇಳಿದ ಹಾಗೇ ಮಾಡು. ತಿಳೀತಾ?"

ಅಯ್ಯೋ ತಾಯಿ! ಅವಳ ಬಾಯಿಗೆ ಬೇರೆ ಮಾತೇ ಬರಲಿಲ್ಲವಾ?

ಸೋಮವಾರ ಬಂತು. ಹೊಂಗೆ ಮರದ ಕೆಳಗೆ ಜಮಖಾನ ಹಾಸಿದ್ದರು. ನಲವತ್ತು ಜನ ಮಾಲಿಗಳು, ನೀರು ಬಿಡೋರು, ಗೇಟು ಕಾಯೋರು ಸಾಲಾಗಿ ಕೂತಿದ್ದರು. ಎದುರಿಗೆ ತರಬೇತಿಯ ಶಶಿರೇಖಾ ಮೇಡಂ. ಮರಕ್ಕೆ ಕಪ್ಪು ಹಲಗೆ ತೂಗುಹಾಕಿ ಪಾಠ ಶುರು ಮಾಡಿದರು.

"ಎಲೆ ಅಂದ್ರೆ ಗಿಡದ ಅಡುಗೆಮನೆ. ಬಿಸಿಲಲ್ಲಿ ಅದು ತನ್ನ ಅಡುಗೆ ತಾನೇ ಮಾಡ್ಕೊಳ್ಳುತ್ತೆ."

"ಅಬ್ಬಾ!" ಅಂದ ಜವರ.

"ಬೇರು ಕತ್ತಲಲ್ಲಿ ನೀರು ಹುಡುಕ್ಕೊಂಡು ಹೋಗುತ್ತೆ. ಅದಕ್ಕೆ ದಾರಿ ತೋರಿಸೋರು ಯಾರೂ ಇಲ್ಲ."

"ಅಬ್ಬಬ್ಬಾ!" ಅಂದ ಜವರ.

ಉಳಿದ ಮೂವತ್ತೊಂಬತ್ತು ಜನ ಆಕಳಿಸ್ತಿದ್ದರು. ಮೇಡಂಗೆ ಖುಷಿ ಆಯ್ತು. ಒಂದು ಸಂಪಿಗೆ ಸಸಿ ತಂದು ಜವರನ ಮುಂದಿಟ್ಟರು. "ನಾವು ಊಟ ಮುಗಿಸಿ ಬರೋ ತನಕ ಇದರ ಮೇಲೆ ಒಂದು ಕಣ್ಣಿಟ್ಟಿರಪ್ಪ."

ಒಂದು ಕಣ್ಣು! ಜವರ ಯೋಚನೆ ಮಾಡಿದ. ನನಗಿರೋದು ಎರಡು. ಮೇಡಂ ಕೇಳಿದ್ದು ಒಂದು. ಹೆಗಲ ಮೇಲಿನ ಟವೆಲು ತೆಗೆದು ಎಡಗಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡ. ಬಲಗಣ್ಣು ಸಸಿ ಮೇಲಿಟ್ಟು ಕೂತ. ರೆಪ್ಪೆ ಹೊಡೀಲಿಲ್ಲ.

ಎಡಗಡೆಯಿಂದ ಬಂತು ಒಂದು ಆಡು. ಬಂದಿದ್ದು ನಿಧಾನವಾಗಿ, ತಿಂದಿದ್ದು ನಿಧಾನವಾಗಿ. ಚೆಂಡುಹೂವಿನ ಪಾತಿ ಒಂದು, ಪಾತಿ ಎರಡು, ಪಾತಿ ಮೂರು. ಊಟ ಮುಗಿಸಿ ಬಂದೋರು ನೋಡ್ತಾರೆ, ಬರೀ ಕಡ್ಡಿ!

"ಯಾ ಅಲ್ಲಾ!" ಅಂತ ಸಾಬ್ರು ತಲೆ ಮೇಲೆ ಕೈ ಹೊತ್ತರು. "ಪಕ್ಕದಲ್ಲೇ ಕೂತಿದ್ದೀಯಲ್ಲೋ! ಕಾಣಲಿಲ್ಲವಾ?"

"ಆ ಕಡೆ ಕಣ್ಣು ಕಟ್ಟಿತ್ತಲ್ಲ ಸಾಬ್ರೇ!"

ದೇವೀರಮ್ಮ ಪೊರಕೆ ಹಿಡಿದು ಓಡಿಬಂದಳು. "ಏನ್ಲಾ ಮಾಡಿದೆ!"

ಜವರನಿಗೆ ಆಡಿನ ಗ್ಯಾನವೇ ಇಲ್ಲ. ಸಸಿ ತುದಿ ತೋರಿಸಿದ. "ಅವ್ವ, ಚಿಗುರು ಬಿಚ್ಕೊಂಡಿತು. ನಾನು ನೋಡ್ದೆ. ಕೂಸು ನಿದ್ದೇಲಿ ಮುಷ್ಟಿ ಬಿಚ್ಚೋ ಹಾಗೆ, ಮೆಲ್ಲಗೆ, ಮೆಲ್ಲಗೆ..."

ದೇವೀರಮ್ಮ ಬಗ್ಗಿ ನೋಡಿದಳು. ತಾಮ್ರದ ಬಣ್ಣದ ಎಲೆ, ಇನ್ನೂ ಮಡಿಕೆ ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷ ಅವಳು ಉದುರಿದ ಎಲೆ ಗುಡಿಸಿದ್ದಳು. ಎಲೆ ಬರೋದನ್ನ ಒಂದು ದಿನವೂ ನೋಡಿರಲಿಲ್ಲ. ಪೊರಕೆ ಕೈಯಲ್ಲೇ ನಿಂತಿತು.

ಸಾಬ್ರು ಬಿಡ್ತಾರಾ? "ಕೇಳೋ ಇಲ್ಲಿ! ಗಡ್ಡ ಅಲ್ಲಾಡಿಸ್ಕೊಂಡು ಗಿಡಕ್ಕೆ ಬಾಯಿ ಹಾಕೋಕೆ ಬಂತು ಅಂದ್ರೆ ಕೋಲು ತಗೋ! 'ಹೈ ಹೈ' ಅನ್ನು! ಗೇಟಿನಾಚೆ ಹಾಕಿ ಚಿಲಕ ಹಾಕು! ತಿಳೀತಾ?"

"ತಿಳೀತು ಸಾಬ್ರೇ."

ಮಂಗಳವಾರ ಗುಲಾಬಿ ಪಾಠ. ಪಾಠ ಹೇಳೋಕೆ ಒಬ್ಬರು ವಯಸ್ಸಾದ ಪ್ರೊಫೆಸರು ಬಂದರು. ಮೇಡಂಗೂ ಮೇಷ್ಟ್ರಾಗಿದ್ದೋರು, ಭಾರಿ ಓದಿಕೊಂಡೋರು. ಗದ್ದದ ತುದೀಲಿ ಮಾತ್ರ ಒಂದು ಹಿಡಿ ಬಿಳಿ ಗಡ್ಡ. ಬಂದೋರೇ ಗುಲಾಬಿ ಪಾತಿಗೆ ಹೋದರು. ಬಗ್ಗಿದರು. ಕಣ್ಣು ಮುಚ್ಚಿ, ಹೂವಿಗೆ ಮೂಗು ತಾಗಿಸಿ, ಗಡ್ಡ ಅಲ್ಲಾಡಿಸ್ತಾ "ಆಹಾ!" ಅಂದರು.

"ಹೈ! ಹೈ! ಹೈ!"

ಪ್ರೊಫೆಸರು ತಿರುಗಿ ನೋಡ್ತಾರೆ, ಬಾಗಿಲೆತ್ತರದ ಆಳು, ಕೈಯಲ್ಲಿ ಕೋಲು! ಓಡಿದರು. ಕಾರಂಜಿ ಸುತ್ತ ಒಂದು ಸುತ್ತು, ಎರಡು ಸುತ್ತು. ಹಿಂದೆ ಜವರ, "ಹೈ! ಹೈ!" ಜೋಕಾಲಿ ಕೆಳಗೆ ನುಗ್ಗಿದರು. ಹಿಂದೆ ಜವರ, "ಹೈ! ಹೈ!" ಗೇಟಿನಾಚೆ ಬಿದ್ದರು. ಜವರ ಚಿಲಕ ಹಾಕಿ ಕೈ ಕೊಡವಿಕೊಂಡು ಬಂದ.

"ಸಾಬ್ರೇ, ಒಂದು ಎಲೇನೂ ತಿನ್ನೋಕೆ ಬಿಡಲಿಲ್ಲ!"

ಮೇಡಂ ಅಳೋದೊಂದು ಬಾಕಿ. "ಅಯ್ಯೋ ಜವರ! ನನ್ನ ಮೇಷ್ಟ್ರು ಅವರು! ಪಾರ್ಕಿಗೆ ಬಂದೋರನ್ನ ಹೀಗಾ ಕಾಣೋದು? ಯಾರೇ ಬರಲಿ, ಎಷ್ಟೇ ಜನ ಬರಲಿ, ಕೈ ಮುಗೀಬೇಕು. 'ಬನ್ನಿ ಬನ್ನಿ' ಅನ್ನಬೇಕು. ಬೆಂಚಿನ ಮೇಲೆ ಕೂರಿಸಬೇಕು. ಕುಡಿಯೋಕೆ ನೀರು ಕೊಡಬೇಕು. ಊಟದ ಹೊತ್ತಾದರೆ ಊಟಕ್ಕೆ ಏಳಿಸಬೇಕು. ನೆನಪಿರುತ್ತಾ?"

"ಇರುತ್ತೆ ಮೇಡಂ."

ಇತ್ತು. ಅದೇ ಆಗಿದ್ದು ತೊಂದರೆ.

ಬುಧವಾರ ಮಧ್ಯಾಹ್ನ ದೇವೀರಮ್ಮ ಹಿಂದುಗಡೆ ಎಲೆ ಗುಡ್ಡೆ ಹಾಕ್ತಿದ್ದಳು. ಪಾರ್ಕು ಇದ್ದಕ್ಕಿದ್ದ ಹಾಗೆ ಗಪ್‌ಚಿಪ್ ಆಯ್ತು. ಏನಪ್ಪಾ ಇದು ಅಂತ ಬಂದು ನೋಡ್ತಾಳೆ, ಮೂವತ್ತೊಂಬತ್ತು ಜನರೂ ಮೇಡಮ್ಮೂ ಸಾಬ್ರೂ ನಿಂತಲ್ಲೇ ನಿಂತಿದ್ದಾರೆ. ಯಾರ ಬಾಯೂ ಮುಚ್ಚಿಲ್ಲ. ಎದುರಿಗೆ ಮೂರು ಬೆಂಚು. ಮೂರು ಬೆಂಚಿನ ಮೇಲೂ ಕೋತಿಗಳು! ಇಪ್ಪತ್ತೆರಡು ಕೋತಿ, ಸಾಲಾಗಿ, ಮದುವೆ ಪಂಕ್ತೀಲಿ ಕೂತ ಹಾಗೆ. ಜವರ ಕೈ ಮುಗಿದು ಬಗ್ಗಿದ್ದಾನೆ.

"ಬನ್ನಿ ಬನ್ನಿ. ದೊಡ್ಡೋರು ನೀವು ಈ ಕಡೆ ಬನ್ನಿ. ಕೂಸು ಎತ್ಕೊಂಡಿರೋರು ನೆರಳಿಗೆ ಕೂತ್ಕೊಳ್ಳಿ."

ಗಡವ ಕೋತಿಗೆ ಸ್ಟೀಲಿನ ಲೋಟದಲ್ಲಿ ನೀರು ಕೊಟ್ಟ. ಅದು ಎರಡು ಕೈಲೂ ಲೋಟ ಹಿಡಿದು ಗಟಗಟ ಕುಡೀತು. ಕುಡಿದು ಲೋಟ ವಾಪಸು ಕೊಟ್ಟಿತು! ಕೊಟ್ಟಿತು ರೀ, ಆಣೆ ಮಾಡ್ತೀನಿ. ಅವಕ್ಕೂ ಹುಟ್ಟಿದ ಮೇಲೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ ಅಂತ ಕಾಣುತ್ತೆ. ಒಂದೂ ಹಲ್ಲು ಕಿರೀಲಿಲ್ಲ, ಒಂದೂ ಜಗಳ ಆಡಲಿಲ್ಲ. ದೇವೀರಮ್ಮನ ಕೈ ತಾನಾಗೇ ಎದೆಗೆ ಹೋಯ್ತು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು.

"ಊಟದ ಹೊತ್ತಾಯ್ತು, ಏಳಿ!" ಅಂದ ಜವರ. ನಲವತ್ತು ಜನರ ಪುಳಿಯೋಗರೆ ಪಾತ್ರೆ, ಮೊಸರನ್ನದ ಪಾತ್ರೆ, ಎರಡರ ಮುಚ್ಚಳವನ್ನೂ ತೆಗೆದುಬಿಟ್ಟ!

ಆಮೇಲೆ ಆಗಿದ್ದನ್ನ ಹೇಳೋಕೆ ಎರಡು ಬಾಯಿ ಬೇಕು. ಮೊಸರನ್ನ ಹೊಂಗೆ ಮರದ ತುದೀಲಿ, ಪುಳಿಯೋಗರೆ ಮೇಡಂ ತಲೇಲಿ, ಸಾಬ್ರ ಟೋಪಿ ಗಡವನ ತಲೇಲಿ. ನಲವತ್ತು ಜನ ಅವತ್ತು ಕಡಲೆಕಾಯಿ ತಿಂದು ನೀರು ಕುಡಿದರು.

"ಕೋತಿಗೆ ಬಡಿಸಿದೆಯಲ್ಲೋ!"

"ಯಾರೇ ಬರಲಿ ಅಂದಿದ್ದರಲ್ಲ ಮೇಡಂ!"

"ಥೂ ನಿನ್ನ!" ಸಾಬ್ರ ಗಂಟಲು ಒಡೆದುಹೋಯ್ತು. "ಮರದ ಕೆಳಗೆ ಗುಂಪಾಗಿ ಬಂದು ಕೂತಿದ್ದು ಕಂಡ್ರೆ ಖಾಲಿ ಡಬ್ಬ ತಗೋ! ದಬದಬ ಬಡಿ! ಕಿವಿ ಕಿತ್ತುಹೋಗೋ ಹಾಗೆ ಕೂಗು! ಒಂದೂ ಕೂತಿರಬಾರದು, ಎಲ್ಲಾ ಎದ್ದು ಓಡಬೇಕು! ತಿಳೀತಾ?"

"ತಿಳೀತು ಸಾಬ್ರೇ."

ಗುರುವಾರ ಬೆಳಿಗ್ಗೆ ಆರೂವರೆ. ತರಬೇತಿ ಇನ್ನೂ ಶುರುವಾಗಿಲ್ಲ. ಪೇಟೆಯ ಹಿರಿಯರು ಹದಿನೈದು ಜನ ಬಾದಾಮಿ ಮರದ ಕೆಳಗೆ ಚಾಪೆ ಹಾಸಿ, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದರು. ಅವರ ನಡುವೆ ನರಹರಿ ರಾಯರು. ಏಳು ವರ್ಷದಿಂದ ಕೋಲು ಊರಿಕೊಂಡು, ಹೆಂಡತಿ ಭುಜ ಹಿಡಿದು, ಹೆಜ್ಜೆಗೊಂದು ನಿಟ್ಟುಸಿರು ಬಿಟ್ಟು ನಡೆಯೋರು.

ಜವರ ಕಂಡ. ಮರದ ಕೆಳಗೆ. ಗುಂಪಾಗಿ. ಬಂದು ಕೂತಿದ್ದಾರೆ! ಬಣ್ಣದ ಡಬ್ಬ ಒಂದು ಸಿಕ್ಕಿತು, ಸಲಾಕೆ ಒಂದು ಸಿಕ್ಕಿತು.

ದಬ! ದಬ! ದಬ! "ಊ ಹೂ ಹೂ ಹೂ! ಏಳ್ರಿ! ಓಡ್ರಿ!"

ಎದ್ದರಪ್ಪ ಹದಿನೈದು ಜನ! ಒಬ್ಬರು ತಾವರೆ ಕೊಳಕ್ಕೆ ಬಿದ್ದರು. ರಿಟೈರಾದ ಹೆಡ್‌ಮಾಸ್ತರು ಮಕ್ಕಳ ಜಾರುಬಂಡೆ ಹತ್ತಿ ಕೂತರು. ನರಹರಿ ರಾಯರು? ರಾಯರು ಪಂಚೆ ಎತ್ತಿ ಕಟ್ಟಿದರು, ಕಣಗಿಲೆ ಬೇಲಿ ನೆಗೆದರು, ಗೇಟಿನ ತನಕ ಒಂದೇ ಉಸಿರಿಗೆ ಓಡಿದರು!

ಸದ್ದು ನಿಂತಿತು. ಎಲ್ಲರೂ ರಾಯರನ್ನ ನೋಡಿದರು. ರಾಯರು ತಮ್ಮ ಕಾಲು ನೋಡಿಕೊಂಡರು. ಕೋಲು ಬಾದಾಮಿ ಮರದ ಕೆಳಗೇ ಬಿದ್ದಿತ್ತು.

"ಓಡಿದ್ದು... ನಾನಾ?" ಅಂದರು ರಾಯರು.

ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಿಂತರು. ಕೊಳದಲ್ಲಿ ಬಿದ್ದೋರೂ ಬೈಯೋದು ಮರೆತು, ಮಂಡಿ ನೀರಲ್ಲಿ ನಿಂತು ನೋಡಿದರು.

ಆದ್ರೆ ದೇವೀರಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ನಾಲ್ಕು ದಿನ, ನಾಲ್ಕು ಎಡವಟ್ಟು! ಮಗನ್ನ ಕಿವಿ ಹಿಡಿದು ಪೊದೆ ಹಿಂದಕ್ಕೆ ಎಳೆದಳು. "ಲೋ, ನಿನಗೆ ನಾನು ಹೇಳ್ತೀನಿ ಕೇಳು. ಯಾರಾದ್ರೂ ಸದ್ದಿಲ್ಲದೆ ಕೂತಿದ್ರೆ ನೀನೂ ಹೋಗಿ ಪಕ್ಕದಲ್ಲಿ ಸದ್ದಿಲ್ಲದೆ ಕೂತ್ಕೋ. ಕಣ್ಣು ಮುಚ್ಕೋ. ಅವರು ಎದ್ದರೆ ಏಳು, ಕೂತರೆ ಕೂರು. ತುಟಿ ಎರಡು ಮಾಡಬೇಡ! ನನ್ನಾಣೆ!"

"ಆಗಲಿ ಅವ್ವ. ಅಳಬೇಡ."

ಶುಕ್ರವಾರ ಮಟಮಟ ಮಧ್ಯಾಹ್ನ. ತರಬೇತಿಯೋರೆಲ್ಲ ಗೊಬ್ಬರದ ಗುಂಡಿ ನೋಡೋಕೆ ಆಚೆ ಕಡೆ ಹೋಗಿದ್ದರು. ಕಾರಂಜಿ ಹತ್ತಿರ ಯಾರೋ ಒಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ಸದ್ದಿಲ್ಲದೆ. ಅವನ ಕೈಲಿ ಪಾನಾ, ಪಕ್ಕದಲ್ಲಿ ಗೋಣಿಚೀಲ. ಕಾರಂಜಿಯ ಹಿತ್ತಾಳೆ ಮೂತಿ ಬಿಚ್ತಿದ್ದ. ಹೌದು, ಕಳ್ಳ!

ದೇವೀರಮ್ಮ ಕ್ರೋಟನ್ ಗಿಡದ ಸಂದಿಯಿಂದ ಕಂಡಳು. ಕೂಗೋಣ ಅಂತ ಬಾಯಿ ತೆಗೆದಳು. ಅಷ್ಟರಲ್ಲಿ ಜವರ ಬಂದ. ಕಳ್ಳನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಕಣ್ಣು ಮುಚ್ಚಿದ.

ಕಳ್ಳ ಬೆಚ್ಚಿಬಿದ್ದ. "ಯಾ... ಯಾರಪ್ಪಾ ನೀನು?"

ಜವರ ಮಾತಾಡಲಿಲ್ಲ.

"ಪೊಲೀಸಾ?"

ಜವರ ಮಾತಾಡಲಿಲ್ಲ.

ಕಳ್ಳ ಎದ್ದ. ಜವರನೂ ಎದ್ದ. ಕಳ್ಳ ಹತ್ತು ಹೆಜ್ಜೆ ಹೋಗಿ ಕೂತ. ಜವರನೂ ಹತ್ತು ಹೆಜ್ಜೆ ಹೋಗಿ ಕೂತ. ಕಣ್ಣು ಮುಚ್ಚಿದ. ಮುಖದಲ್ಲಿ ಕೋಪ ಇಲ್ಲ, ನಗು ಇಲ್ಲ. ತಿಳಿನೀರಿನ ಹಾಗೆ ಇದ್ದ. ಕಳ್ಳ ಮತ್ತೆ ಎದ್ದ, ಜವರ ಎದ್ದ. ಕಳ್ಳ ಕೂತ, ಜವರ ಕೂತ.

ಕಳ್ಳನಿಗೆ ಬೆವರು ಇಳೀತು. "ಏನು ಬೇಕು ಸ್ವಾಮಿ ನಿಮಗೆ? ಬಾಯಿ ಬಿಟ್ಟು ಹೇಳಿ!"

ಮಾತಿಲ್ಲ. ಹೊಂಗೆ ಮರದಿಂದ ಒಂದು ಹೂವು ಜವರನ ಹೆಗಲ ಮೇಲೆ ಬಿತ್ತು. ಕೊಡವಿಕೊಳ್ಳಲಿಲ್ಲ.

ಕಳ್ಳ ಹಿತ್ತಾಳೆ ಮೂತಿ ಕೆಳಗಿಟ್ಟ. ಆಮೇಲೆ ಚೀಲದಿಂದ ಎರಡು ನಲ್ಲಿ ತೆಗೆದಿಟ್ಟ. "ಜೋಕಾಲಿ ಸರಪಣಿ ಕದ್ದಿದ್ದೂ ನಾನೇ ಸ್ವಾಮಿ. ತಂದುಕೊಡ್ತೀನಿ. ಹಾಗೆ ಕೂರಬೇಡಿ, ನನಗೆ ಆಗಲ್ಲ!" ಅಂತ ಜವರನ ಕಾಲಿಗೆ ಬಿದ್ದು, ಚೀಲ ಬಿಟ್ಟು, ಅಳ್ತಾ ಓಡಿಹೋದ. ಸಂಜೆಯೊಳಗೆ ಸರಪಣಿ ಗೇಟಿಗೆ ನೇತಾಡ್ತಿತ್ತು.

ದೇವೀರಮ್ಮ ಪೊದೆಯಿಂದ ಆಚೆ ಬಂದು ಮಗನ ಮುಖ ನೋಡಿದಳು. ನಾನು ಹೆತ್ತಿದ್ದು ಇವನನ್ನೇನಾ? ಹೀಗೆ ಒಂದು ದಿನವೂ ಇವನ ಮುಖ ನೋಡಿರಲಿಲ್ಲವಲ್ಲ ನಾನು!

ಸಾಬ್ರಿಗೆ ಸುದ್ದಿ ಮುಟ್ಟಿತು. ಖುಷಿಪಟ್ಟರಾ? ಎಲ್ಲಿ! "ಕಳ್ಳನ್ನ ಬಿಟ್ಟುಬಿಟ್ಟೆಯೇನೋ? ಕೈಗೆ ಸಿಕ್ಕೋನನ್ನ ಬಿಡ್ತಾರಾ! ಎರಡೂ ಕೈಲಿ ಭದ್ರವಾಗಿ ಹಿಡ್ಕೋಬೇಕು! ಬೈದರೂ ಬಿಡಬಾರದು, ಅತ್ತರೂ ಬಿಡಬಾರದು! ಪೊಲೀಸಿನೋರು ಬಂದು 'ಬಿಡಪ್ಪ' ಅನ್ನೋ ತನಕ ಬಿಡಬಾರದು! ತಿಳೀತಾ?"

"ತಿಳೀತು ಸಾಬ್ರೇ."

ಸಂಜೆ ದೇವೀರಮ್ಮ ಮೇಡಂ ಮುಂದೆ ನಿಂತಳು. ಸರ್ಟಿಫಿಕೇಟಿನ ಮಾತು ತೆಗೆಯೋ ಮೊದಲೇ ಮೇಡಮ್ಮೇ ಹೇಳಿದರು. "ಪಟ್ಟೀಲಿ ಅವನ ಹೆಸರು ಹೊಡೆದುಹಾಕಿದ್ದೆ ದೇವೀರಮ್ಮ. ಆಮೇಲೆ ನರಹರಿ ರಾಯರು ಬಂದರು. ಮನೆಯಿಂದ ನಡ್ಕೊಂಡು ಬಂದಿದ್ದರು, ಒಬ್ಬರೇ, ಕೋಲಿಲ್ಲದೆ. ಆ ಹುಡುಗನ್ನ ಬಿಡಬೇಡಿ ಅಂತ ಕೈ ಮುಗಿದರು. ನಾನು ಮತ್ತೆ ಹೆಸರು ಬರೆದೆ. ನಾಳೆ ಒಂದು ದಿನ ಏನೂ ಆಗದ ಹಾಗೆ ನೋಡ್ಕೊ ತಾಯಿ."

ಶನಿವಾರ. ಶಾಮಿಯಾನ, ಮೈಕು, ಹಾರ, ತುರಾಯಿ. ದೇವೀರಮ್ಮ ಮಗನಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಇಸ್ತ್ರಿ ಅಂಗಿ ತೊಡಿಸಿ, ಕೊನೇ ಸಾಲಲ್ಲಿ ಕೂರಿಸಿದಳು. ದೊಡ್ಡ ಸಾಹೇಬರು ಬಂದರು. ದಪ್ಪ ಕನ್ನಡಕ, ಪಳಪಳ ಬೂಟು. ಒಂದೊಂದೇ ಹೆಸರು ಕರೆದರು. ಮೂವತ್ತೊಂಬತ್ತು ಮುಗೀತು.

"ಜವರ!"

ಜವರ ಹತ್ತಿದ. ಸಾಹೇಬರು ಸರ್ಟಿಫಿಕೇಟು ಕೊಟ್ಟರು. ದೇವೀರಮ್ಮ ಕಣ್ಣು ಒರೆಸಿಕೊಂಡಳು. ಆಯ್ತು, ಮುಗೀತು, ಇನ್ನೇನೂ ಇಲ್ಲ ಅಂದುಕೊಂಡಳು. ಸಾಹೇಬರು "ಶಾಬಾಷ್!" ಅಂತ ಕೈ ಚಾಚಿದರು.

ಕೈ! ಸಿಕ್ಕಿತು! ಜವರ ಸರ್ಟಿಫಿಕೇಟನ್ನ ಹಲ್ಲಲ್ಲಿ ಕಚ್ಚಿ, ಸಾಹೇಬರ ಕೈಯನ್ನ ಎರಡೂ ಕೈಲಿ ಭದ್ರವಾಗಿ ಹಿಡಿದ.

ಸಾಹೇಬರು ನಕ್ಕರು. ಫೋಟೋ ತೆಗೆದರು. ಇನ್ನೊಂದು ತೆಗೆದರು. "ಸಾಕಪ್ಪ" ಅಂದರು. ಜವರ ಬಿಡಲಿಲ್ಲ. "ಬಿಡೋ!" ಅಂದರು. ಬಿಡಲಿಲ್ಲ. ಡ್ರೈವರು ಬಂದು ಎಳೆದ, ಬಿಡಲಿಲ್ಲ. ನಾಲ್ಕು ಜನ ಸೇರಿ ಎಳೆದರು. ಸಾಹೇಬರು ಹಿಂದಕ್ಕೆ ಬಂದರೇ ಹೊರತು ಕೈ ಬರಲಿಲ್ಲ.

"ಲೋ ಜವರ, ಬಿಡೋ!" ಅಂತ ಸಾಬ್ರು ಕಿರುಚಿದರು.

"ಆಗಲ್ಲ ಸಾಬ್ರೇ. ನೀವು ಪೊಲೀಸಲ್ಲ."

ಪೊಲೀಸಿಗೆ ಫೋನು ಮಾಡಿದರು. ಇದ್ದ ಒಬ್ಬ ಕಾನ್‌ಸ್ಟೇಬಲ್ ಪಕ್ಕದೂರಿಗೆ ಹೋಗಿದ್ದಾನೆ, ಬರೋದು ಎರಡು ಗಂಟೆ ಆಗುತ್ತೆ! ದೇವೀರಮ್ಮ ಶಾಮಿಯಾನದ ಕಂಬ ತಬ್ಬಿಕೊಂಡು ಕುಸಿದು ಕೂತಳು.

ಗಂಟೆ ನಾಲ್ಕಾಯ್ತು. "ನೀರಿನ ಹೊತ್ತು!" ಅಂದ ಜವರ. "ಏನೇ ಆಗಲಿ, ನೀರಿನ ಹೊತ್ತು ತಪ್ಪಬಾರದು ಅಂತ ಮೇಡಂ ಹೇಳಿದ್ದಾರೆ. ಬನ್ನಿ ಸಾರ್." ಹೋದ. ಕೈ ಹೋದ ಕಡೆ ಸಾಹೇಬರು ಹೋಗಲೇಬೇಕಲ್ಲ! ನಲ್ಲಿ ತಿರುಗಿಸಿದ್ದು ಸಾಬ್ರು. ಪೈಪು ಹಿಡಿಯೋರು ಯಾರು?

"ನೀವು ಹಿಡೀರಿ ಸಾರ್. ನನ್ನ ಎರಡು ಕೈಯೂ ನಿಮ್ಮ ಹತ್ತಿರ ಇದೆ."

ಸಾಹೇಬರು ಎಡಗೈಲಿ ಪೈಪು ಹಿಡಿದರು. ನೀರು ಚಿಮ್ಮಿತು. ಮುಖ ಗಂಟು ಹಾಕಿಕೊಂಡೇ ಒಂದು ಪಾತಿ ನೆನೆಸಿದರು. ಎರಡನೇ ಪಾತೀಲಿ ಒಣಮಣ್ಣು ನೀರು ಕುಡಿದು ವಾಸನೆ ಬಿಟ್ಟಿತು. ಸಾಹೇಬರು ಮೂಗು ಅರಳಿಸಿದರು. ಮೂರನೇ ಪಾತೀಲಿ ಇಳಿಬಿಸಿಲು ನೀರಿಗೆ ಬಿತ್ತು, ಅವರ ಕೈಯಿಂದಲೇ ಒಂದು ಪುಟ್ಟ ಕಾಮನಬಿಲ್ಲು ಎದ್ದಿತು.

"ಅಬ್ಬಾ!" ಅಂದ ಜವರ.

ಸಾಹೇಬರು ಪೈಪು ಸ್ವಲ್ಪ ಆಚೆ ಈಚೆ ಮಾಡಿದರು. ಬಿಲ್ಲು ಹೋಯ್ತು, ಮತ್ತೆ ಬಂತು. ಮತ್ತೆ ಮಾಡಿದರು.

"ಇಲ್ಲಿ ನೋಡಿ ಸಾರ್" ಅಂತ ಜವರ ನಾಗಲಿಂಗದ ಮರದ ಹತ್ತಿರ ಕರ್ಕೊಂಡು ಹೋದ. ಹೂವು ಕೊಂಬೇಲಿ ಬಿಡೋದು ಬಿಟ್ಟು ಬೊಡ್ಡೇಲೇ ಬಿಟ್ಟಿದ್ದವು, ಕೆಂಪಗೆ, ಒಳಗೆ ಸಾವಿರ ಹೆಡೆ. ಆ ಸಾಹೇಬರು ಹದಿನಾಲ್ಕು ಪಾರ್ಕಿಗೆ ಟೇಪು ಕತ್ತರಿಸಿದ್ದರು. ಒಂದರಲ್ಲೂ ಮರದ ಹತ್ತಿರ ಹೋಗಿರಲಿಲ್ಲ.

"ಅಬ್ಬಾ!" ಅಂದರು ಸಾಹೇಬರು.

ಹಿಂದೆ ನಲವತ್ತು, ಐವತ್ತು, ನೂರು ಜನ. ಒಬ್ಬರೂ ಕೆಮ್ಮಲಿಲ್ಲ. ದೇವೀರಮ್ಮ ಎದ್ದು ಅವರ ಹಿಂದೆ ನಡೆದಳು. ತಾನು ಗುಡಿಸಿದ ದಾರೀಲೇ ನಡೀತಿದ್ದಳು, ಹೊಸ ಊರಿಗೆ ಬಂದ ಹಾಗಿತ್ತು.

ಆರು ಗಂಟೆಗೆ ಕಾನ್‌ಸ್ಟೇಬಲ್ ಸೈಕಲ್ ತುಳೀತಾ ಬಂದ. "ಬಿಡಪ್ಪ!" ಅಂದ.

ಜವರ ಬಿಟ್ಟ.

ಎಲ್ಲರೂ ಉಸಿರು ಹಿಡಿದರು. ಸಾಹೇಬರ ಕೈ ಕೆಂಪಗಾಗಿತ್ತು, ಪ್ಯಾಂಟು ಮಂಡಿ ತನಕ ಕೆಸರು. ಅವರು ಜವರನ ಮುಖ ನೋಡಿದರು. ಮರ ನೋಡಿದರು. ಮತ್ತೆ ಜವರನ ಮುಖ ನೋಡಿದರು.

"ಇವನ ಕೆಲಸ ಖಾಯಂ ಮಾಡಿ" ಅಂದರು. ಜವರನ ಬೆನ್ನು ತಟ್ಟಿದರು. "ನೀನು ಎಲ್ಲೂ ಹೋಗಬೇಡ ಜವರ. ಈ ಪಾರ್ಕಲ್ಲೇ ಬೇರೂರಿಬಿಡು!"

ಜನ ಚಪ್ಪಾಳೆ ಹೊಡೆದರು. ಸಾಬ್ರು ಕಣ್ಣೀರು ಒರೆಸಿಕೊಂಡರು. ದೇವೀರಮ್ಮ ಸಾಹೇಬರಿಗೆ ಕೈ ಮುಗಿದಳು, ಮೇಡಂಗೆ ಕೈ ಮುಗಿದಳು, ಕಾನ್‌ಸ್ಟೇಬಲ್ಲಿಗೂ ಕೈ ಮುಗಿದಳು. ಆ ಸಂತೋಷದಲ್ಲಿ ಒಂದನ್ನ ಮಾತ್ರ ಗಮನಿಸಲಿಲ್ಲ. ಜವರ ಬಗ್ಗಿ ತನ್ನ ಕಾಲು ನೋಡಿಕೊಳ್ತಿದ್ದ.

ಭಾನುವಾರ ಬೆಳಗಾಯ್ತು. ದೇವೀರಮ್ಮ ಎದ್ದು ನೋಡ್ತಾಳೆ, ಮಗನ ಹಾಸಿಗೆ ಖಾಲಿ. ಕೆಲಸಕ್ಕೆ ಬೇಗ ಹೋಗಿದ್ದಾನೆ, ಜಾಣ ಆದ ನನ್ನ ಮಗ, ಅಂದುಕೊಂಡು ಪಾರ್ಕಿಗೆ ಬಂದಳು. ಪೊರಕೆ ಇಲ್ಲದೆ ಬಂದಿದ್ದು ಅದೇ ಮೊದಲು. ಹುಲ್ಲಿನ ನಡುವೆ ಜನ ಗುಂಪಾಗಿ ನಿಂತಿದ್ದಾರೆ. ಕೆಲವರು ಚಪ್ಪಲಿ ಬಿಟ್ಟು ನಿಂತಿದ್ದಾರೆ. ದೇವೀರಮ್ಮ ಸಂದಿ ಮಾಡಿಕೊಂಡು ಮುಂದೆ ಬಂದಳು.

ಗುಂಡಿ ತೋಡಿ, ಅದರಲ್ಲಿ ಮಂಡಿ ತನಕ ಇಳಿದು, ಮಣ್ಣು ಮುಚ್ಚಿಕೊಂಡು ನಿಂತಿದ್ದಾನೆ ಜವರ! ಬುಡಕ್ಕೆ ಎರಡು ಬುಟ್ಟಿ ಗೊಬ್ಬರ. ಮೇಲೆ ಒಣ ಎಲೆ ಹೊದಿಕೆ. ಗಾಳಿಗೆ ಬೀಳದ ಹಾಗೆ ಮೂರು ಬಿದಿರು ಗೂಟ ನೆಟ್ಟು ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದಾನೆ. ಎರಡು ಕೈಯೂ ಮೇಲಕ್ಕೆ. ತಲೆ ಮೇಲೆ ಒಂದು ಗೊರವಂಕ, ಹಾರೋ ಯೋಚನೆಯೇ ಇಲ್ಲದ ಹಾಗೆ ಕೂತಿದೆ.

"ಅಯ್ಯೋ ನನ್ನ ಕರ್ಮವೇ! ಏನ್ಲಾ ಇದು?"

"ಮೆಲ್ಲಗೆ ಅವ್ವ, ಹಕ್ಕಿ ಹೋಗುತ್ತೆ. ಸಾಹೇಬರು ಬೇರೂರು ಅಂದ್ರಲ್ಲ? ಊರ್ತಿದೀನಿ."

"ಮನುಷ್ಯನಿಗೆ ಬೇರು ಬರುತ್ತೇನ್ಲಾ ಪೆದ್ದ!"

"ಇನ್ನೂ ಬಂದಿಲ್ಲ" ಅಂದ ಜವರ. "ಅಂಗಾಲು ಕಚಗುಳಿ ಆಗ್ತಿದೆ. ಇನ್ನೇನು ಬರುತ್ತೆ ಅನ್ಸುತ್ತೆ."

ದೇವೀರಮ್ಮ ಬೈಯೋಕೆ ಬಾಯಿ ತೆರೆದಳು. ಸುತ್ತ ನಿಂತೋರ ಮುಖ ನೋಡಿದಳು. ಯಾರೂ ನಗ್ತಿರಲಿಲ್ಲ. ಸಾಬ್ರು ಕೂಡ ಟೋಪಿ ಸರಿಮಾಡಿಕೊಂಡು ಸುಮ್ಮನೆ ನಿಂತಿದ್ದರು.

"ಅವ್ವ, ಬಿಸಿಲೇರ್ತಾ ಇದೆ. ಬುಡಕ್ಕೆ ಒಂದು ಕೊಡ ನೀರು ಹಾಕು."

ದೇವೀರಮ್ಮ ಹೋಗಿ ಕೊಡ ತುಂಬಿಕೊಂಡು ಬಂದಳು. ಬಗ್ಗಿ, ಮಣ್ಣು ಕೊಚ್ಚಿಹೋಗದ ಹಾಗೆ, ಸುತ್ತಲೂ ನಿಧಾನವಾಗಿ ಹಾಕಿದಳು. 

ಜವರ ಕಣ್ಣು ಮುಚ್ಚಿದ. ಮೈಯೆಲ್ಲ ಒಂದು ಸಲ ಜುಮ್ಮೆಂದಿತು.

"ಅಬ್ಬಾ! ಬೇರು ಇಳೀತು ಅವ್ವ, ಇಳೀತು! ಇನ್ನೊಂದು ಕೊಡ ಹಾಕು!"